ಮುಪ್ಪಿನ ಚಾಂಪಿಯನ್ನನನ್ನು ಸೋಲಿಸಿದರೆ ಅದಕ್ಕೆಷ್ಟು ತೂಕ? ನನ್ನ ಲೆಕ್ಕ ಕೊನೆಗೂ ಕೂಡಿಬಂತು

2017ರ ಜುಲೈನಲ್ಲಿ ಬ್ರಿಸ್ಬೇನಿನ ಬಾಕ್ಸಿಂಗ್ ರಿಂಗಿನಲ್ಲಿ ಜೆಫ್ ಹಾರ್ನ್, ವಯಸ್ಸಾಗುತ್ತಿದ್ದ ಚಾಂಪಿಯನ್ ಮ್ಯಾನಿ ಪ್ಯಾಕಿಯಾವೊನನ್ನು ತೀರ್ಪುಗಾರರ ಅಂಕಗಳ ಮೇಲೆ ಸೋಲಿಸಿದಾಗ ಆ ಗೆಲುವಿನ ತೂಕಕ್ಕೆ ನಾನು ಹತ್ತಕ್ಕೆ ಏಳು ಕೊಟ್ಟೆ. ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಸತ್ತ ಹಾವನ್ನು ಹೊಡೆದವನಿಗೆ ಏಳು ಅಂಕವೇ ಎಂದರು. ತೀರ್ಪೇ ಸರಿಯಿಲ್ಲ ಎಂದವರೂ ಇದ್ದರು, ಅದು ಬೇರೆಯೇ ಜಗಳ. ನನ್ನ ವಾದ ಇಷ್ಟೇ ಆಗಿತ್ತು: ಪ್ಯಾಕಿಯಾವೊ ಮುಗಿದಿಲ್ಲ, ಅವನ ಕಾಲು ಇನ್ನೂ ಅವನ ಮಾತು ಕೇಳುತ್ತಿದೆ. ಎರಡು ವರ್ಷಗಳ ನಂತರ, ನಲವತ್ತು ತುಂಬಿದ ಅದೇ ಪ್ಯಾಕಿಯಾವೊ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಕೀತ್ ಥರ್ಮನ್‌ನನ್ನು ಮೊದಲ ಸುತ್ತಿನಲ್ಲೇ ಕೆಡವಿ, ಪಂದ್ಯವನ್ನೂ ಗೆದ್ದ. ಆಮೇಲೆ ಬಳಗದವರೇ ನನ್ನ ಅಂಕಪಟ್ಟಿ ಕೇಳಿ ತರಿಸಿಕೊಂಡರು. ಹೇಗೆ ಮಾಡುತ್ತೀರಿ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ವಯಸ್ಸಿನಿಂದಲೇ ಶುರು ಮಾಡಿದ್ದೆ. 35 ದಾಟಿದವನ ಮೇಲಿನ ಗೆಲುವಿಗೆ ಇಷ್ಟು ಕಡಿತ, 38 ದಾಟಿದರೆ ಇನ್ನಷ್ಟು. ಈ ಲೆಕ್ಕ ಮೊದಲ ಪರೀಕ್ಷೆಯಲ್ಲೇ ಬಿದ್ದುಹೋಯಿತು. 2002ರಲ್ಲಿ ಮೆಂಫಿಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಮೈಕ್ ಟೈಸನ್‌ನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ. ಆ ರಾತ್ರಿ ಮುದುಕನಂತೆ ಕಂಡವನು ಟೈಸನ್, ಆದರೆ ಇಬ್ಬರಲ್ಲಿ ಹಿರಿಯ ಲೂಯಿಸ್. 46ರ ಬರ್ನಾರ್ಡ್ ಹಾಪ್ಕಿನ್ಸ್ 2011ರಲ್ಲಿ ಜೀನ್ ಪ್ಯಾಸ್ಕಲ್‌ನನ್ನು ಸೋಲಿಸಿ ಪ್ರಶಸ್ತಿ ಕಿತ್ತುಕೊಂಡದ್ದನ್ನು ಈ ಲೆಕ್ಕದಲ್ಲಿ ಎಲ್ಲಿ ಕೂರಿಸುವುದು?

ಆಮೇಲೆ ಬೆಟ್ಟಿಂಗ್ ದರಗಳ ಬೆನ್ನು ಹತ್ತಿದೆ. ಹಣ ಹೂಡುವವನು ಸುಳ್ಳು ಹೇಳಲಾರ ಎಂಬುದು ಆಗಿನ ನಂಬಿಕೆ. ಆದರೆ ಹಣ ಓಡುವುದು ಹೆಸರಿನ ಹಿಂದೆ. ಆರು ವರ್ಷ ರಿಂಗಿನಿಂದ ದೂರವಿದ್ದು ಮೈ ಬೆಳೆಸಿಕೊಂಡಿದ್ದ ಜೇಮ್ಸ್ ಜೆಫ್ರಿಸ್, 1910ರಲ್ಲಿ ರೀನೋದಲ್ಲಿ ಜ್ಯಾಕ್ ಜಾನ್ಸನ್ ಎದುರು ಇಳಿದಾಗ ಬಾಜಿಯವರ ಒಲವು ಅವನ ಕಡೆಗೇ ಇತ್ತು. 2008ರಲ್ಲಿ ಪ್ಯಾಕಿಯಾವೊ ಎದುರು ಆಸ್ಕರ್ ಡಿ ಲಾ ಹೋಯಾಗೂ ಹಾಗೆಯೇ, ತೂಕ ಇಳಿಸಿ ಇಳಿಸಿ ಸೊರಗಿ ಬಂದಿದ್ದರೂ. ಇಬ್ಬರೂ ಸೋತರು. ಇನ್ನೊಂದು ಬದಿಯಲ್ಲಿ, 1996ರಲ್ಲಿ ಟೈಸನ್‌ನನ್ನು ಮಣಿಸಿದ ಇವಾಂಡರ್ ಹೋಲಿಫೀಲ್ಡ್ ಮೇಲೆ ಮೊದಲಿಗೆ ಒಂದಕ್ಕೆ ಇಪ್ಪತ್ತೈದು ಕೊಡುತ್ತಿದ್ದರು, ಅಂದರೆ ಅವನು ಗೆಲ್ಲುತ್ತಾನೆಂದು ಯಾರೂ ನಂಬಿರಲಿಲ್ಲ. ಈ ದರಗಳನ್ನು ಕಲೆಹಾಕಲು ಹೋದ ಚಳಿಗಾಲ ಪೂರ್ತಿ ವ್ಯರ್ಥ.

ಹಣ ನಿಜಕ್ಕೂ ಸುರಿದದ್ದು ಹಳೆಯ ಪಂದ್ಯಗಳ ಫಿಲ್ಮುಗಳಿಗೆ. ಸುಮಾರು ಮೂರು ತಿಂಗಳ ಸಂಬಳದಷ್ಟು ಕರಗಿದೆ. ಅದರಲ್ಲಿ ಅರ್ಧ ನೀರಿಗೆ ಬಿತ್ತು. ‘ಪೂರ್ತಿ ಪಂದ್ಯ’ ಎಂದು ಮಾರಿದ ಒಬ್ಬನ ಡಿಸ್ಕಿನಲ್ಲಿ ನಾಲ್ಕೇ ಸುತ್ತುಗಳಿದ್ದವು. ಉಳಿದವು ನಕಲಿನ ನಕಲು, ಕ್ಯಾಮೆರಾ ಸೊಂಟದಿಂದ ಮೇಲೆ ಮಾತ್ರ. ಕಾಲು ಕಾಣದ ಫಿಲ್ಮು ನನ್ನ ಕೆಲಸಕ್ಕೆ ಬರುವುದಿಲ್ಲ. ಹೊಸಬರು ಕೊಳ್ಳುವ ಮುಂಚೆ ಮೊದಲು ಇದನ್ನೇ ಕೇಳಬೇಕು.

ಈಗ ವಿಧಾನ. ಹಳೆಯ ಚಾಂಪಿಯನ್ ಒಂದು ಪಂದ್ಯದಲ್ಲಿ ಕಳೆದುಕೊಳ್ಳುವುದರಲ್ಲಿ ಎರಡು ಪಾಲಿವೆ: ಕಾಲ ಕಸಿದದ್ದು, ಎದುರಾಳಿ ಕಸಿದದ್ದು. ಗೆದ್ದವನಿಗೆ ಸಲ್ಲಬೇಕಾದದ್ದು ಎರಡನೆಯದು ಮಾತ್ರ. ಇವೆರಡನ್ನು ಬೇರ್ಪಡಿಸಲು ನಾನು ನೋಡುವುದು ಖಾಲಿ ಕ್ಷಣಗಳನ್ನು. ಎದುರಾಳಿ ಎಟಕಿನ ಹೊರಗೆ ಸುಮ್ಮನಿರುವ ಆ ಕೆಲವು ಸೆಕೆಂಡುಗಳಲ್ಲಿ ಮುದಿ ಚಾಂಪಿಯನ್ ಏನು ಮಾಡುತ್ತಾನೆ? ಹುಕ್ (ತೋಳು ಬಾಗಿಸಿ ಬದಿಯಿಂದ ಬೀಸುವ ಹೊಡೆತ) ಗುರಿ ತಪ್ಪಿದ ಮೇಲೆ ಪಾದಗಳು ಮತ್ತೆ ಮೈಯ ಕೆಳಗೆ ಬಂದು ನಿಲ್ಲಲು ಎಷ್ಟು ಹೆಜ್ಜೆ ಬೇಕಾಯಿತು? ಹುಸಿ ಪಂಚಿಗೆ ಭುಜ ಮಾತ್ರ ಅದುರಿತೋ, ಮುಖ ಕಾಯುವ ಕೈಗಳು, ಅಂದರೆ ಇಡೀ ಗಾರ್ಡ್ ಎದ್ದುಬಂತೋ? ಜ್ಯಾಬಿನ (ಮುಂದಿನ ಕೈಯ ನೇರ, ಚುರುಕು ಹೊಡೆತ) ಹಿಂದೆ ಎರಡನೆಯ ಕೈ ಹೊರಟಿತೋ, ಹೊರಡಬೇಕೆಂದುಕೊಂಡು ನಿಂತಿತೋ? ಇವನ್ನು ಅವನದೇ ಉತ್ತಮ ದಿನಗಳ ಫಿಲ್ಮಿನ ಪಕ್ಕದಲ್ಲಿಟ್ಟು ನೋಡುತ್ತೇನೆ, ಧ್ವನಿ ಬಂದ್ ಮಾಡಿ. ವೀಕ್ಷಕ ವಿವರಣೆ ಕಿವಿಗೆ ಬಿದ್ದರೆ ಕಣ್ಣು ಕೆಡುತ್ತದೆ. ಗಂಟೆ ಬಾರಿಸಿದ ಮೇಲೆ ಅವನು ಮೂಲೆಗೆ ನಡೆದು ಹೋಗುವಾಗ ನಾನು ಗಮನಿಸುವ ಸಂಗತಿ ಇನ್ನೊಂದಿದೆ. ನನ್ನ ಅಂಕಗಳಲ್ಲಿ ಮೂರನೆಯ ಒಂದು ಪಾಲು ಅದರದೇ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

1980ರ ಲ್ಯಾರಿ ಹೋಮ್ಸ್ ಮತ್ತು ಮುಹಮ್ಮದ್ ಅಲಿ ಪಂದ್ಯ ನೋಡಿ. ಹೋಮ್ಸ್ ದೂರ ನಿಂತು ಅಳೆಯುತ್ತಿರುವಾಗಲೂ ಅಲಿಯ ಕೈ ಹೊರಡುವುದಿಲ್ಲ. ಅವನನ್ನು ಯಾರೂ ತಡೆದಿಲ್ಲ, ಆದರೂ ಹೊರಡುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗಿ, 217 ಪೌಂಡಿಗೆ ಇಳಿದು, ನೋಡಲು ಮಾತ್ರ ತರುಣನಂತಿದ್ದ 38ರ ಮನುಷ್ಯ. ಹತ್ತನೇ ಸುತ್ತಿನ ನಂತರ ಅಲಿಯ ತರಬೇತುದಾರ ಆಂಜೆಲೊ ಡಂಡಿ ಪಂದ್ಯ ನಿಲ್ಲಿಸಿದ. ನಾನು ಕೊಟ್ಟದ್ದು ಒಂದು ಅಂಕ. ಹೋಮ್ಸ್‌ಗೆ ಇದರಿಂದ ನಷ್ಟವಿಲ್ಲ. ಅವನ ಕೀರ್ತಿಗೆ 1978ರಲ್ಲಿ ಕೆನ್ ನಾರ್ಟನ್ ಜೊತೆಗಿನ ಹದಿನೈದು ಸುತ್ತುಗಳೇ ಸಾಕು.

ಇದಕ್ಕೆ ತೀರಾ ತದ್ವಿರುದ್ಧ 2015ರಲ್ಲಿ ಡಸೆಲ್ಡಾರ್ಫ್‌ನಲ್ಲಿ ಟೈಸನ್ ಫ್ಯೂರಿ ವ್ಲಾದಿಮಿರ್ ಕ್ಲಿಚ್ಕೊನನ್ನು ಸೋಲಿಸಿದ್ದು. ಹನ್ನೆರಡು ಸುತ್ತಿನಲ್ಲಿ ಕ್ಲಿಚ್ಕೊ ತಾಗಿಸಿದ ಪಂಚುಗಳು ನೆನಪಿದ್ದಂತೆ 50ರ ಆಸುಪಾಸು. ಮುದುಕನಾದ, ಕೈ ಏಳಲಿಲ್ಲ ಎಂದು ಎಲ್ಲರೂ ಷರಾ ಬರೆದರು. ಆದರೆ ಖಾಲಿ ಕ್ಷಣಗಳನ್ನು ನೋಡಿದರೆ ಅವನ ಪಾದ ಜಾಗದಲ್ಲೇ ಇದೆ, ಕೈ ಸಿದ್ಧವಾಗಿದೆ. ಫ್ಯೂರಿ ಭುಜ ಅಲುಗಿಸಿದೊಡನೆ ಹೊರಟ ಕೈ ಹಿಂದಕ್ಕೆ ಬರುತ್ತದೆ. ಅಲ್ಲಿ ಕಸಿದವನು ಫ್ಯೂರಿ. ನಾನು ಎಂಟು ಕೊಟ್ಟಾಗ ಜೋರಾಗಿ ನಕ್ಕವರಿಗೆ 2017ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಂಬ್ಲಿ ಉತ್ತರ ಕೊಟ್ಟಿತು: 41ರ ಕ್ಲಿಚ್ಕೊ, ಐದನೇ ಸುತ್ತಿನಲ್ಲಿ ತಾನು ಬಿದ್ದು ಎದ್ದು, ಆರನೆಯದರಲ್ಲಿ ಆಂಥೊನಿ ಜೋಶುವಾನನ್ನೇ ನೆಲಕ್ಕೆ ಕೆಡವಿದ. ಹನ್ನೊಂದನೆಯದರಲ್ಲಿ ಸೋತ, ನಿಜ. ಆದರೆ ಕೈ ಏಳದವನ ಪಂದ್ಯವೇ ಅದು?

ಈ ಕಾರಣಕ್ಕೇ ಪಂದ್ಯದ ನಂತರದ ಎರಡು ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ. ಮೊದಲು ಅಂಕ ಬರೆದು ಮುಚ್ಚಿಡುವುದು, ಆಮೇಲೆ ಬದುಕು ಏನು ಹೇಳುತ್ತದೆ ನೋಡುವುದು. ಜೋ ಕಾಲ್ಜಾಗಿಯ 2008 ಇದಕ್ಕೆ ಒಳ್ಳೆಯ ಪಾಠ. ಏಪ್ರಿಲ್‌ನಲ್ಲಿ ಹಾಪ್ಕಿನ್ಸ್, ನವೆಂಬರಿನಲ್ಲಿ ರಾಯ್ ಜೋನ್ಸ್. ಎರಡೂ ಪಂದ್ಯಗಳಲ್ಲಿ ಮೊದಲ ಸುತ್ತಿನಲ್ಲೇ ಕಾಲ್ಜಾಗಿ ಕೆಳಗೆ ಬಿದ್ದ, ಎರಡನ್ನೂ ಗೆದ್ದ. ಕಾಗದದ ಮೇಲೆ ಎರಡೂ ದೊಡ್ಡ ಹೆಸರು. ಆದರೆ ಹಾಪ್ಕಿನ್ಸ್ ಆರು ತಿಂಗಳಲ್ಲಿ ಕೆಲ್ಲಿ ಪಾವ್ಲಿಕ್‌ನನ್ನು ಸೋಲಿಸಿ ಬಾಕ್ಸಿಂಗ್ ಕಲಿಸಿಕೊಟ್ಟ. ಜೋನ್ಸ್ 2004ರಲ್ಲೇ ಆಂಟೊನಿಯೊ ಟಾರ್ವರ್‌ನಿಂದ, ಬಳಿಕ ಗ್ಲೆನ್ ಜಾನ್ಸನ್‌ನಿಂದ ನಾಕೌಟ್ ಆಗಿದ್ದವನು. ಹಾಪ್ಕಿನ್ಸ್ ಮೇಲಿನ ಗೆಲುವಿಗೆ ಎಂಟು, ಜೋನ್ಸ್ ಮೇಲಿನದಕ್ಕೆ ಮೂರು. ಇವನ್ನು ಒಂದೇ ಉಸಿರಿನಲ್ಲಿ ಹೇಳುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಪರದೆಯ ಮೇಲರ್ಧಕ್ಕೆ ರಟ್ಟು ಅಂಟಿಸಿ, ಗೆಳೆಯರಿಗೆ ಬರೀ ಕಾಲುಗಳನ್ನು ತೋರಿಸಿ ವಯಸ್ಸು ಹೇಳಿ ಎಂದೆ. 46ರ ಹಾಪ್ಕಿನ್ಸ್‌ಗೆ ಬಹುತೇಕರು ಮೂವತ್ತೈದರ ಒಳಗೆ ಹೇಳಿದರು. ವೇಗ ತಗ್ಗಿಸಿ ನೋಡುವ ಪ್ರಯೋಗ ಮಾತ್ರ ಕೈಕೊಟ್ಟಿತು: ಅರ್ಧ ವೇಗದಲ್ಲಿ ಇಪ್ಪತ್ತೈದರ ಹುಡುಗನೂ ಮುದುಕನಾಗುತ್ತಾನೆ. ಜ್ಯಾಕ್ ಜಾನ್ಸನ್ ಕಾಲದ ಫಿಲ್ಮುಗಳನ್ನು ಕೈಯಿಂದ ತಿರುಗಿಸಿ ತೆಗೆದದ್ದರಿಂದ ವೇಗ ಒಂದೇ ಸಮನಿಲ್ಲ. ಅಲ್ಲಿ ಸ್ಟಾಪ್‌ವಾಚ್ ಬದಿಗಿಟ್ಟು ಹೆಜ್ಜೆಗಳನ್ನು ಎಣಿಸಬೇಕು.

ಜೋ ಲೂಯಿಸ್ ಪ್ರಕರಣ ನನ್ನನ್ನು ತಿಂಗಳುಗಟ್ಟಲೆ ಕಾಡಿತು. 1951ರ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೊ ಎದುರು ಬಂದು ಸೋತಾಗ ಲೂಯಿಸ್‌ಗೆ 37, ತಲೆಯ ಮೇಲೆ ತೆರಿಗೆಯ ಸಾಲ. ಎಜರ್ಡ್ ಚಾರ್ಲ್ಸ್‌ಗೆ ಸೋತ ಮೇಲೆ ಸಾಲಾಗಿ ಎಂಟು ಗೆದ್ದಿದ್ದ, ಆದ್ದರಿಂದ ಮುಗಿದವನು ಎನ್ನುವಂತಿಲ್ಲ. ಫಿಲ್ಮಿನಲ್ಲಿ ಜ್ಯಾಬ್ ಇನ್ನೂ ಸೊಗಸಾಗಿದೆ, ಬಲಗೈ ಮಾತ್ರ ಬರುವುದೇ ಅಪರೂಪ. ನಾಲ್ಕೂವರೆ ಕೊಟ್ಟಿದ್ದೇನೆ. ಐದು ಎನ್ನುವವರ ಜೊತೆ ಜಗಳವಾಡುವುದಿಲ್ಲ.

ಈಗ ಕೈಯಲ್ಲಿರುವುದು 1991ರ ಫೆಬ್ರವರಿಯ ಟೆರಿ ನಾರಿಸ್ ಮತ್ತು ಶುಗರ್ ರೇ ಲಿಯೊನಾರ್ಡ್ ಪಂದ್ಯ. ಲಿಯೊನಾರ್ಡ್‌ಗೆ ಕೇವಲ 34, ಎರಡು ಬಾರಿ ಬಿದ್ದ, ಸೋತ. ಹದಿನಾಲ್ಕು ತಿಂಗಳ ಬಿಡುವಿನ ನಂತರ, 154 ಪೌಂಡಿಗೆ ಇಳಿದು ಬಂದಿದ್ದ. ಕಸಿದದ್ದು ವಯಸ್ಸೋ, ಬಿಡುವೋ, ತೂಕವೋ? ಅವನು ಮತ್ತೆ ರಿಂಗಿಗೆ ಇಳಿದದ್ದು 1997ರಲ್ಲಿ, ಹಾಗಾಗಿ ಎರಡು ವರ್ಷದ ನಿಯಮ ಇಲ್ಲಿ ನಡೆಯುವುದಿಲ್ಲ. ಸದ್ಯಕ್ಕೆ ಪೆನ್ಸಿಲಿನಲ್ಲಿ ಆರು ಎಂದು ಬರೆದಿಟ್ಟಿದ್ದೇನೆ, ಕಾಲು ಸ್ಪಷ್ಟವಾಗಿ ಕಾಣುವ ಪ್ರತಿಯೊಂದು ಸಿಗುವವರೆಗೆ.