ಮೈಬಿಸಿ ಹಿಡಿದು ಹಿಂದೆ ಬರುವ ಕಾರು: ನಾನು ಮಾಡಿದ ರೀತಿ

ಮನುಷ್ಯರ ಹಿಂದೆ ಹೋಗುವ ಪುಟ್ಟ ರೋಬಾಟ್ ಕಾರಿಗೆ ಕ್ಯಾಮೆರಾ ಬೇಕೇ ಬೇಕು ಅಂತೇನಿಲ್ಲ, ಮೈಬಿಸಿ ಸಾಕು. ಬಹುಪಾಲು ಸಾಮಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಕ್ಕಿತು: ಹಳದಿ ಬಿಓ ಮೋಟಾರು (ಗೇರ್ ಇರುವ ಪುಟ್ಟ ಮೋಟಾರು) ಎರಡು, ಚಕ್ರ, ಎತ್ತ ಬೇಕಾದರೂ ತಿರುಗುವ ಒಂದು ಕ್ಯಾಸ್ಟರ್ ಚಕ್ರ, ಅಕ್ರಿಲಿಕ್ ಚಾಸಿ, ಕೋಡು ಓಡಿಸುವ ಇಎಸ್‌ಪಿ32 ಬೋರ್ಡು. ಸೆನ್ಸರ್ ಮಾತ್ರ ಆನ್‌ಲೈನಲ್ಲಿ ತರಿಸಿದೆ.

ಸೆನ್ಸರ್ ಅಂದ ಕೂಡಲೇ ಎಲ್ಲರೂ ಪಿಐಆರ್ (ಯಾರಾದರೂ ಓಡಾಡಿದರೆ ಗುರುತಿಸುವ ಸೆನ್ಸರ್) ಅನ್ನುತ್ತಾರೆ. ಬಾಗಿಲ ಹತ್ತಿರ ಲೈಟು ಹೊತ್ತಿಸೋಕೆ ಅದು ಸರಿ. ಆದರೆ ಅದಕ್ಕೆ ಗೊತ್ತಾಗುವುದು ಬಿಸಿಯಲ್ಲಾಗುವ ಬದಲಾವಣೆ ಮಾತ್ರ. ಕಾರೇ ಓಡುತ್ತಿದ್ದರೆ ಅದರ ಲೆಕ್ಕದಲ್ಲಿ ಗೋಡೆ, ಕಿಟಕಿ ಎಲ್ಲವೂ ಓಡಾಡುತ್ತಿರುತ್ತವೆ, ಅಲ್ವಾ? ಅದಕ್ಕೇ ಪ್ಯಾನಸಾನಿಕ್‌ನ ಗ್ರಿಡ್-ಐ, ಅಂದರೆ ಎಎಂಜಿ8833 ತಗೊಂಡೆ. ಅಡ್ಡಕ್ಕೆ 8, ಉದ್ದಕ್ಕೆ 8, ಒಟ್ಟು 64 ಚುಕ್ಕಿ, ಒಂದೊಂದಕ್ಕೂ ಒಂದು ಉಷ್ಣಾಂಶ, ಸೆಕೆಂಡಿಗೆ 10 ಸಲ. ನೋಟ 60 ಡಿಗ್ರಿ. ಲೆಕ್ಕ ಹಾಕಿದರೆ 2 ಮೀಟರ್ ದೂರದಲ್ಲಿ ಒಂದು ಚುಕ್ಕಿಗೆ ಸುಮಾರು 26 ಸೆಂಟಿಮೀಟರ್ ಅಗಲ ಬರುತ್ತದೆ, ಅಷ್ಟರೊಳಗೆ ಮನುಷ್ಯನ ಒಂದು ಕಾಲಿನ ಅಗಲ ಪೂರ್ತಿ ಹಿಡಿಸುತ್ತದೆ. 32ಕ್ಕೆ 24 ಚುಕ್ಕಿಯ ಎಂಎಲ್‌ಎಕ್ಸ್90640 ಅನ್ನುವ ಸೆನ್ಸರ್ ಕೂಡ ಇದೆ. ದುಡ್ಡು ಜಾಸ್ತಿ, ಈ ಕೆಲಸಕ್ಕೆ ಬೇಕಿಲ್ಲ.

ನಿಜವಾದ ಕೆಲಸ ಇರುವುದು ಮಿತಿ ಇಡುವುದರಲ್ಲಿ. "28 ಡಿಗ್ರಿ ದಾಟಿದರೆ ಮನುಷ್ಯ" ಅಂತ ಬರೆದ ಕೋಡು ಡಿಸೆಂಬರ್ ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ, ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಮನೆಯ ಗೋಡೆಯೇ ಅಷ್ಟು ಕಾದಿರುತ್ತದೆ. ಹಾಗಾಗಿ ಹಿನ್ನೆಲೆಗಿಂತ ಎಷ್ಟು ಜಾಸ್ತಿ ಅನ್ನುವುದನ್ನಷ್ಟೇ ನೋಡಬೇಕು. ಹಿನ್ನೆಲೆಗೆ ಸರಾಸರಿ ಬೇಡ, ಯಾಕೆಂದರೆ ನಾವು ಹತ್ತಿರ ನಿಂತಾಗ ಅರ್ಧ ಚಿತ್ರ ನಮ್ಮದೇ ಆಗಿ ಸರಾಸರಿಯೂ ಮೇಲೇರಿಬಿಡುತ್ತದೆ. ನಾನು 64 ಅಂಕಿಗಳನ್ನೂ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ 16ನೆಯದನ್ನು ಹಿನ್ನೆಲೆ ಅಂತ ಹಿಡಿದೆ. ಅದಕ್ಕಿಂತ ಎರಡೂವರೆ ಡಿಗ್ರಿ ಅಥವಾ ಇನ್ನೂ ಜಾಸ್ತಿ ಇದ್ದರೆ ಬಿಸಿ ಚುಕ್ಕಿ. 38 ದಾಟಿದ್ದನ್ನು ಸುಮ್ನೆ ಬಿಟ್ಟುಬಿಡಿ, ಗ್ಯಾಸ್ ಒಲೆಯೂ ಕಾಫಿ ಲೋಟವೂ ಅಲ್ಲಿಗೆ ಹೊರಗೆ.

ಬೋರ್ಡು ಕಳಿಸುವ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿನ ಒಂದು ಸಾಲು ಹೀಗಿರುತ್ತದೆ: 24.5, 24.75, 24.5, 28.25, 29.75, 27, 24.75, 24.5. ಹಿನ್ನೆಲೆ 24.5 ಅಂತ ಹಿಡಿದರೆ ಬಿಸಿ ಇರುವುದು 3, 4, 5ನೇ ಜಾಗದಲ್ಲಿ, ಎಣಿಕೆ ಸೊನ್ನೆಯಿಂದ. ಜಾಸ್ತಿ ಇರುವ ಬಿಸಿಯನ್ನೇ ತೂಕವಾಗಿಟ್ಟು ಸರಾಸರಿ ತೆಗೆದರೆ 3.89 ಬರುತ್ತದೆ. ಮಧ್ಯ ಅಂದರೆ 3.5, ಅಂದರೆ ನೀವು ಚೂರು ಬಲಕ್ಕಿದ್ದೀರಿ. ಆ ವ್ಯತ್ಯಾಸವನ್ನು ಒಂದು ಅಂಕಿಯಿಂದ ಗುಣಿಸಿ ಎಡ ಮೋಟಾರಿನ ವೇಗಕ್ಕೆ ಕೂಡಿಸಿ, ಬಲದ್ದರಿಂದ ಕಳೆಯಿರಿ. ಸ್ಟಿಯರಿಂಗ್ ಅಷ್ಟೇ! ಸೆನ್ಸರನ್ನು ತಲೆಕೆಳಗಾಗಿ ಕೂರಿಸಿದ್ದರೆ ಎಡಬಲ ಅದಲುಬದಲಾಗುತ್ತದೆ, ಮೊದಲೇ ಕೈ ಆಡಿಸಿ ನೋಡಿಕೊಳ್ಳಿ.

ನಿಲ್ಲಿಸೋಕೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ 60 ಸೆಂಟಿಮೀಟರಿಗೆ ಬ್ರೇಕ್ ಕೊಟ್ಟೆ. ಸೀರೆ, ಪಂಚೆಯಂಥ ಮೆತ್ತಗಿನ ಬಟ್ಟೆಯಿಂದ ಶಬ್ದ ಸರಿಯಾಗಿ ವಾಪಸ್ ಬರುವುದಿಲ್ಲ. ಅದಕ್ಕೆ ಬಿಸಿ ಚುಕ್ಕಿಗಳು ತುಂಬಾ ಜಾಸ್ತಿಯಾದರೂ ಕಾರು ನಿಲ್ಲಬೇಕು ಅಂತ ಇನ್ನೊಂದು ಸಾಲು ಸೇರಿಸಿದೆ.

ಮೋಟಾರಿನ ಎರಡು ಕಾಲಿಗೂ ಅಡ್ಡಲಾಗಿ 104 ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಇಲ್ಲದಿದ್ದರೆ ಮೋಟಾರಿನ ವಿದ್ಯುತ್ ಗದ್ದಲಕ್ಕೆ ಐ2ಸಿ, ಅಂದರೆ ಸೆನ್ಸರ್ ಮತ್ತು ಬೋರ್ಡಿನ ನಡುವಿನ ಮಾತುಕತೆ, ಮಧ್ಯದಲ್ಲೇ ನಿಂತುಹೋಗಬಹುದು. ಮೋಟಾರಿಗೆ ಕರೆಂಟು ಕೊಡುವ ಡ್ರೈವರಿಗೆ ಎಲ್298ಎನ್ ಬದಲು ಟಿಬಿ6612 ವಾಸಿ, ಮೊದಲನೆಯದು ಸುಮಾರು 2 ವೋಲ್ಟ್ ತಾನೇ ತಿಂದುಬಿಡುತ್ತದೆ. ಸೆನ್ಸರ್ ಮುಂದೆ ಚಂದಕ್ಕೆ ಅಂತ ಗಾಜು ಅಥವಾ ಅಕ್ರಿಲಿಕ್ ಇಡಬೇಡಿ. ಕಣ್ಣಿಗೆ ಆರಪಾರ ಕಂಡರೂ ಮೈಬಿಸಿ ಅದನ್ನು ದಾಟುವುದಿಲ್ಲ. ಗಾಜಿನ ಬಾಗಿಲ ಆಚೆ ನಿಂತರೆ ಕಾರಿನ ಪಾಲಿಗೆ ನೀವಿಲ್ಲ. ಹೊಳೆಯುವ ಸ್ಟೀಲ್ ಇದ್ದರೆ ಉಲ್ಟಾ, ಅದರಲ್ಲಿ ನಿಮ್ಮ ಬಿಸಿಯ ಬಿಂಬ ಕಂಡು ಅತ್ತ ಓಡುತ್ತದೆ.

ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿಗೆ ಇನ್ನೂ ಪೂರ್ತಿ ಉಪಾಯ ಸಿಕ್ಕಿಲ್ಲ. ಸೆನ್ಸರನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿದ್ದರಿಂದ ತೊಂದರೆ ಕಡಿಮೆಯಾಗಿದೆ. ಇಬ್ಬರಿದ್ದರೆ ಹಿಂದಿನ ಸಲ ಕಂಡ ಜಾಗಕ್ಕೆ ಹತ್ತಿರ ಇರುವವರನ್ನೇ ಹಿಡಿಯುತ್ತದೆ, ಆದರೆ ಅವರಿಬ್ಬರೂ ಒಬ್ಬರನ್ನೊಬ್ಬರು ದಾಟಿದರೆ ಕಾರು ಯಾರ ಪಾಲಾದರೂ ಆಗಬಹುದು. ಅದನ್ನು ಸರಿಮಾಡೋಕೆ ಕಿಸೆಯಲ್ಲಿ ಬ್ಲೂಟೂತ್ ಬೀಕನ್ (ತನ್ನ ಗುರುತನ್ನು ಆಗಾಗ ಸಾರುವ ಪುಟ್ಟ ಸಾಧನ) ಇಟ್ಟುಕೊಳ್ಳಬೇಕು, ಮನೆಯ ಹಾಲ್‌ನಲ್ಲಿ ಆಡೋಕೆ ಅಷ್ಟೆಲ್ಲ ಯಾಕೆ ಅಂತ ಬಿಟ್ಟಿದ್ದೇನೆ.