ಹಳೆಯ ಎಚ್‌ಪಿಎಲ್‌ಸಿಗೆ ಕೈಗೆಟುಕುವ ತಂತ್ರಾಂಶ ಹುಡುಕಿದ ನನ್ನ ಅನುಭವ

ಮಡಿಕೇರಿಯ ಸಮೀಪ ನಾನು ಕೆಲಸ ಮಾಡುವ ಸಣ್ಣ ಪ್ರಯೋಗಾಲಯದಲ್ಲಿ ಕಾಫಿಯ ಕೆಫೀನ್ ಮತ್ತು ಕರಿಮೆಣಸಿನ ಪೈಪರೀನ್ ಅಳೆಯಲು ಒಂದು ಹಳೆಯ ಎಚ್‌ಪಿಎಲ್‌ಸಿ ಉಪಕರಣವಿದೆ; ಮಾದರಿಯನ್ನು ದ್ರಾವಕದೊಂದಿಗೆ ಒತ್ತಡದಲ್ಲಿ ಹಾಯಿಸಿ, ಅದರಲ್ಲಿನ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಿದು. ಪಂಪು, ಹೊರಬರುವ ಪದಾರ್ಥವನ್ನು ಬೆಳಕಿನಿಂದ ಗುರುತಿಸುವ ಡಿಟೆಕ್ಟರ್ ಎರಡೂ ಇಂದಿಗೂ ಗಟ್ಟಿಮುಟ್ಟಾಗಿವೆ. ಕೈಕೊಟ್ಟದ್ದು ಅದಕ್ಕೆ ಜೋಡಿಸಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಕಕ್ಕಡ ತಿಂಗಳ ಮಳೆಯಲ್ಲಿ ಪದೇ ಪದೇ ಕರೆಂಟು ಹೋಗಿ ಬಂದು ಅದರ ಮದರ್‌ಬೋರ್ಡ್ ಸುಟ್ಟಿತು. ಉಪಕರಣವನ್ನು ಜೋಡಿಸಲು ಅದರ ಒಳಗಿದ್ದ ಕಾರ್ಡನ್ನು ಕೂರಿಸುವ ಜಾಗ ಹೊಸ ಕಂಪ್ಯೂಟರುಗಳಲ್ಲಿ ಇರಲಿಲ್ಲ. ತಯಾರಕರ ಪ್ರತಿನಿಧಿ ಹೊಸ ತಂತ್ರಾಂಶಕ್ಕೆ ಹೇಳಿದ ಬೆಲೆ ಕೇಳಿ, ಉಪಕರಣವನ್ನೇ ಗುಜರಿಗೆ ಹಾಕೋಣವೆಂಬ ಮಾತೂ ಬಂತು.

ನಮಗೆ ಬೇಕಾದದ್ದು ಉಪಕರಣದ ನಿಯಂತ್ರಣವೋ, ಅಥವಾ ಅದು ಕೊಡುವ ಸಂಕೇತದ ದಾಖಲೆ ಮಾತ್ರವೋ ಎಂದು ಕೇಳಿಕೊಂಡಾಗ ದಾರಿ ತೆರೆಯಿತು. ನಮ್ಮ ಎರಡೂ ವಿಧಾನಗಳಲ್ಲಿ ದ್ರಾವಕದ ಮಿಶ್ರಣ ಮೊದಲಿಂದ ಕೊನೆಯವರೆಗೆ ಒಂದೇ. ಹರಿವಿನ ವೇಗವನ್ನೂ ತರಂಗಾಂತರವನ್ನೂ (ಕೆಫೀನಿಗೆ 273, ಪೈಪರೀನಿಗೆ 343 ನ್ಯಾನೊಮೀಟರ್) ಉಪಕರಣದ ಮುಂಭಾಗದ ಗುಂಡಿಗಳಿಂದಲೇ ಇಡಬಹುದು. ಮಾದರಿಯನ್ನು ಕೈಯಿಂದಲೇ ಚುಚ್ಚುತ್ತೇವೆ. ಆದ್ದರಿಂದ ನಿಯಂತ್ರಣದ ಪರವಾನಗಿಯನ್ನು ಬಿಟ್ಟು, ಡಿಟೆಕ್ಟರಿನ ವೋಲ್ಟೇಜನ್ನು ಅಂಕಿಗಳಾಗಿಸುವ 24 ಬಿಟ್‌ನ ಯುಎಸ್‌ಬಿ ಪರಿವರ್ತಕವನ್ನೂ, ಯಾವ ತಯಾರಕರ ಉಪಕರಣಕ್ಕೂ ಹೊಂದುವ ತಂತ್ರಾಂಶವನ್ನೂ ಹುಡುಕಿದೆ. ಜೆಕ್ ದೇಶದ ಡೇಟಾಅಪೆಕ್ಸ್ ಸಂಸ್ಥೆಯ ಕ್ಲಾರಿಟಿ ಈ ಬಗೆಯದು. ಅದರಲ್ಲಿ ನಿಯಂತ್ರಣದ ಭಾಗಗಳನ್ನು ಬೇಕಿದ್ದರೆ ಮಾತ್ರ ಕೊಳ್ಳಬಹುದು.

ಜೋಡಣೆಯಲ್ಲಿ ಮೊದಲ ಎಡವಟ್ಟು ನನ್ನದೇ. ಡಿಟೆಕ್ಟರಿನ ಹಿಂಬದಿಯಲ್ಲಿ ಎರಡು ಸಂಕೇತದ ಕೊಂಡಿಗಳಿದ್ದವು: ಒಂದು ಹಳೆಯ ಕಾಗದದ ರೆಕಾರ್ಡರಿಗಾಗಿ 10 ಮಿಲಿವೋಲ್ಟಿನದು, ಇನ್ನೊಂದು ಸಂಕೇತವನ್ನು ಲೆಕ್ಕಹಾಕುವ ಇಂಟಿಗ್ರೇಟರಿಗಾಗಿ 1 ವೋಲ್ಟಿನದು. ನಾನು ಮೊದಲನೆಯದಕ್ಕೆ ತಂತಿ ಹಾಕಿ, ಸಂಕೇತದ ಗದ್ದಲದಲ್ಲಿ ಪೀಕೇ (ಪದಾರ್ಥ ಹೊರಬಂದಾಗ ರೇಖೆಯಲ್ಲಿ ಏಳುವ ಶಿಖರ) ಕಾಣದೆ ಎರಡು ದಿನ ತಂತ್ರಾಂಶವನ್ನು ಬೈದೆ. ಎರಡನೆಯದಕ್ಕೆ ಬದಲಿಸಿ, ಕವಚವಿರುವ ತಂತಿ ಬಳಸಿ, ಆ ಕವಚವನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದ ಮೇಲೆ ತಳರೇಖೆ (ಪೀಕಿಲ್ಲದಾಗಿನ ರೇಖೆ) ಶಾಂತವಾಯಿತು. ಮಾದರಿಯನ್ನು ಒಳಬಿಡುವ ಇಂಜೆಕ್ಟರಿನ ಹಿಡಿ ತಿರುಗಿದೊಡನೆ ದಾಖಲೆ ಶುರುವಾಗುವಂತೆ ಅದರ ಸ್ವಿಚ್ಚಿನಿಂದಲೂ ತಂತಿ ಎಳೆದೆ; ಕೀಲಿಮಣೆ ಒತ್ತಿ ಶುರುಮಾಡುತ್ತಿದ್ದಾಗ ಪೀಕಿನ ಸಮಯ ಪ್ರತಿ ಸಲ ಕೆಲವು ಸೆಕೆಂಡು ಆಚೀಚೆ ಆಗುತ್ತಿತ್ತು.

ಬಳಿಕ ಒಂದೇ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ) ದ್ರಾವಣವನ್ನು ಆರು ಬಾರಿ ಚುಚ್ಚಿ, ಪದಾರ್ಥದ ಪ್ರಮಾಣ ತಿಳಿಸುವ ಪೀಕಿನ ವಿಸ್ತೀರ್ಣಗಳನ್ನು ಹೋಲಿಸಿದೆ. ಕೆಫೀನ್ ಚೆನ್ನಾಗಿ ಹೊಂದಿತು, ಪೈಪರೀನ್ ಮಾತ್ರ ಪ್ರತಿ ಸಲ ಇಳಿಯುತ್ತಾ ಹೋಯಿತು. ಮತ್ತೆ ತಂತ್ರಾಂಶದ ಮೇಲೇ ಸಂಶಯ. ಆದರೆ ತಪ್ಪು ಕಿಟಕಿಯ ಪಕ್ಕ ಬಿಳಿ ಗಾಜಿನ ಸೀಸೆಯಲ್ಲಿಟ್ಟ ದ್ರಾವಣದ್ದು, ಏಕೆಂದರೆ ಬೆಳಕಿಗೆ ಪೈಪರೀನ್ ಬೇರೆ ಐಸೋಮರುಗಳಾಗಿ (ಅವೇ ಪರಮಾಣುಗಳ ಬೇರೆ ಜೋಡಣೆಗಳಾಗಿ) ಬದಲಾಗುತ್ತದೆ. ಕಂದು ಸೀಸೆಗೆ ಹಾಕಿದಾಗ ಅದೂ ಹೊಂದಿತು.

ದ್ರಾವಕದ ಪ್ರಮಾಣ ನಡುವೆ ಬದಲಾಗುವ ವಿಧಾನ ಅಥವಾ ಮಾದರಿಯನ್ನು ತಾನೇ ಚುಚ್ಚುವ ಆಟೋಸ್ಯಾಂಪ್ಲರ್ ಇರುವವರಿಗೆ ಈ ದಾರಿ ಸಾಲದು; ಅವರು ನಿಯಂತ್ರಣದ ಭಾಗವನ್ನೂ ಕೊಳ್ಳಬೇಕು, ಮತ್ತು ಹಣ ಕಟ್ಟುವ ಮೊದಲು ತಮ್ಮ ಉಪಕರಣದ ಮಾದರಿ ಸಂಖ್ಯೆ ಬೆಂಬಲಿತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಮಾನ್ಯತೆ ಪಡೆದ ಪ್ರಯೋಗಾಲಯವಾದರೆ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025ರ 7.11ನೆಯ ವಿಭಾಗದಂತೆ ಹೊಸ ತಂತ್ರಾಂಶವನ್ನು ಬಳಕೆಗೆ ಮುನ್ನ ಪರಿಶೀಲಿಸಿದ ದಾಖಲೆಯೂ ಬೇಕು. ಆ ಆರು ಚುಚ್ಚುಗಳ ಕಾಗದಗಳನ್ನು ನಾನು ಅದಕ್ಕೆಂದೇ ಫೈಲು ಮಾಡಿಟ್ಟಿದ್ದೇನೆ.