ಎರಡಡಿ ಟ್ಯಾಂಕು, ಬೋರ್ ನೀರು, ವಿಜಯಪುರದ ಬೇಸಿಗೆ

ಮೀನಿನ ಟ್ಯಾಂಕಿನ ಗಾಜಿಗೆ, ನೀರು ನಿಲ್ಲುವ ಮಟ್ಟದಲ್ಲಿ, ಬಿಳಿ ಗೆರೆ ಕಟ್ಟಿದೆಯೇ? ಉಗುರಿನಿಂದ ಕೆರೆದರೂ ಸುಲಭಕ್ಕೆ ಏಳದ ಆ ಗೆರೆ ಬೋರ್ ನೀರಿನ ಸುಣ್ಣ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ತಗ್ಗಿದ ನೀರಿಗೆ ಮತ್ತೆ ಬೋರ್ ನೀರನ್ನೇ ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆವಿಯಾದಷ್ಟನ್ನು ತುಂಬಲು ಆರ್‌ಒ ನೀರು ಮಾತ್ರ ಬಳಸಿ. ವಾರಕ್ಕೊಮ್ಮೆ 10 ಲೀಟರ್ ಹಳೆ ನೀರು ತೆಗೆದು ಹೊಸದು ತುಂಬುವಾಗ ಅರ್ಧ ಬೋರ್, ಅರ್ಧ ಆರ್‌ಒ. ನಳದ ನೀರಾದರೆ ಬಾಯಿ ತೆರೆದ ಬಕೆಟ್‌ನಲ್ಲಿ ಒಂದು ದಿನ ಇಡಿ, ಕ್ಲೋರಿನ್ ಹಾರಬೇಕು.

60×30×30 ಸೆಂ.ಮೀ. ಟ್ಯಾಂಕಿಗೆ ಅಂಗಡಿಯವರು 54 ಲೀಟರ್ ಅನ್ನುತ್ತಾರೆ. ನಿಜಕ್ಕೂ ಹಿಡಿಯುವುದು 43ರ ಸುಮಾರು. ದುಂಡನೆಯ ಬೌಲ್ ಅಂತೂ ಈ ಊರಿಗಲ್ಲ, ಅದರ ಚೂರು ನೀರು ಬೇಗ ಕಾಯುತ್ತದೆ.

ತಳಕ್ಕೆ ಎರೆಮಣ್ಣು ಬೇಡ. ಜೋಳಕ್ಕೆ ಅದು ಬಂಗಾರ, ಟ್ಯಾಂಕಿನಲ್ಲಿ ಒಮ್ಮೆ ಕದಡಿದರೆ ದಿನಗಟ್ಟಲೆ ತಿಳಿಯಾಗದು. ಗೊಬ್ಬರ ಬೆರೆಸದ ಕೆಂಪು ಮಣ್ಣನ್ನು ಜರಡಿ ಹಿಡಿದು, ನೆನೆಸಿ, ತೇಲಿದ ಕಸ ಚೆಲ್ಲಿ, ಒಣಗಿಸಿ. ಹೀಗೆ ಮೂರು ಸಲ. 2 ಸೆಂ.ಮೀ. ಮಣ್ಣಿಗೆ ಮೂರೂವರೆ ಲೀಟರ್ ಬೇಕು. ಮೇಲೆ 3 ಸೆಂ.ಮೀ. ತೊಳೆದ ಉಸುಕು, 8-9 ಕಿಲೋ. ಮೊದಲು ಒಂದು ಹಿಡಿ ಉಸುಕಿಗೆ ವಿನೆಗರ್ ಬಿಡಿ. ಬುರುಬುರು ನೊರೆ ಎದ್ದರೆ ಅದರಲ್ಲಿ ಸುಣ್ಣದ ಹರಳಿದೆ, ಬಿಟ್ಟುಬಿಡಿ. ಉಸುಕಿನ ಮೇಲೆ ತಟ್ಟೆ ಇಟ್ಟು, ನೀರನ್ನು ತಟ್ಟೆಗೆ ನಿಧಾನ ಸುರಿಯಿರಿ.

ಗಡಸು ನೀರಿನಲ್ಲಿ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಚೆನ್ನಾಗಿ ಹಬ್ಬುತ್ತದೆ. ಹಿಂಬದಿಗೆ 10-12 ಗಿಡ ನೆಡಿ, ಬುಡದ ಬಿಳಿ ಭಾಗ ಉಸುಕಿನ ಮೇಲೆ ಕಾಣುವಂತಿರಲಿ, ಹೂತರೆ ಕೊಳೆಯುತ್ತದೆ. ಜೊತೆಗೆ ಒಂದು ಹಿಡಿ ಹೈಡ್ರಿಲ್ಲಾ. ಲೈಟು ದಿನಕ್ಕೆ 6-7 ತಾಸು, ಹೆಚ್ಚಾದರೆ ಪಾಚಿ.

ಫಿಲ್ಟರಿಗೆ ಏರ್ ಪಂಪು, ಸ್ಪಂಜು ಸಾಕು. ಮೀನಿನ ಮಲ, ಕೊಳೆತ ಆಹಾರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಸಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಆಹಾರ ಹಾಕಿ, ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ, ಅದರಿಂದಾಗುವ ಇನ್ನೊಂದು ವಿಷ ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಕಾಯಿರಿ. ಇಲ್ಲಿ ಅವಸರ ತುಟ್ಟಿಯಾಗುತ್ತದೆ: ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7, 25 ಡಿಗ್ರಿಯಲ್ಲಿ ಅಮೋನಿಯಾದ ವಿಷರೂಪ ಶೇ. 1ಕ್ಕೂ ಕಡಿಮೆ, ಪಿಎಚ್ 8, 30 ಡಿಗ್ರಿಯಲ್ಲಿ ಶೇ. 7ರ ಮೇಲೆ. ನಮ್ಮ ಬೇಸಿಗೆಯ ನೀರು ಈ ಎರಡನೇ ಲೆಕ್ಕಕ್ಕೇ ಹತ್ತಿರ. ಮೀನು ಗಪ್ಪಿ, ಪ್ಲಾಟಿ. ನಿಯಾನ್ ಟೆಟ್ರಾ ಮೆದು ನೀರಿನ ಮೀನು, ಅದರ ಆಸೆ ಬೇಡ. ಮೊದಲು ನಾಲ್ಕೇ ಮೀನು ಬಿಡಿ.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಸಿವಲ್ಲ, ಆಮ್ಲಜನಕದ ಕೊರತೆ. ಬಿಸಿ ನೀರು ಗಾಳಿಯನ್ನು ಕಡಿಮೆ ಹಿಡಿಯುತ್ತದೆ, ರಾತ್ರಿ ಗಿಡಗಳೂ ಉಸಿರಾಡುತ್ತವೆ. ಪಂಪು ರಾತ್ರಿ ಆರಿಸಬೇಡಿ. ಮಧ್ಯಾಹ್ನ ಮುಚ್ಚಳ ತೆಗೆದು ಜಾಳಿಗೆ ಹಾಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಲಿ. ಒಣ ಹವೆಯಲ್ಲಿ ಎರಡು-ಮೂರು ಡಿಗ್ರಿ ಇಳಿಯುತ್ತದೆ, ನೀರೂ ಬೇಗ ತಗ್ಗುತ್ತದೆ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವಾದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ನಾಲ್ಕೈದು ತಾಸು ನಿಂತಿದ್ದ ಸ್ಪಂಜನ್ನು ಹಾಗೇ ಚಾಲೂ ಮಾಡದೆ, ಟ್ಯಾಂಕಿನಿಂದ ತೆಗೆದ ಮಗ್ಗು ನೀರಿನಲ್ಲಿ ಹಿಂಡಿ ಮತ್ತೆ ಹಾಕಿ. ನಳದ ಕೆಳಗೆ ಮಾತ್ರ ತೊಳೆಯಬೇಡಿ, ಆರು ವಾರದ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಹೋಗುತ್ತದೆ.